ಹಾಲಿನೊಳಗಿನ ಇದ್ದಲಿ

ಧಾರವಾಡ
೧೨ ಫೆಬ್ರುವರಿ ೧೯೯೬

ಅವ್ವಾ,

ಭರಮು ಅಣ್ಣನ ಕಡೆಯಿಂದ ಇದನ್ನು ಪೂರ್ತಿ ಓದಿಸಿ ಕೇಳು.

ಎಮ್ಮೆಗೆ ಏನೂ ಆಗಿಲ್ಲ ಎಂದು ಹೋದ ವಾರ ಬರೆದಿದ್ದೆ. ಅದನ್ನು ನಂಬಬೇಡ. ಅಣ್ಣ ನಾಳೆಯೇ ರಾಯಬಾಗಕ್ಕೆ ಹೋಗಿ ದನದ ಡಾಕ್ಟರನ್ನು ಕರೆದುಕೊಂಡು ಬರಲಿ. ಅಲ್ಲಿಯವರೆಗೆ ಆ ಹಾಲನ್ನು ಅವನ ಕೂಸಿಗೆ ಕುಡಿಸಬೇಡಿ.

ಕೆಚ್ಚಲಿಗೆ ಬಾವು ಬರುವ ಮೊದಲೇ ರಕ್ತದ ಒಂದು ಪ್ರೋಟೀನು ಹಾಲಿಗೆ ಹೆಚ್ಚಾಗಿ ಇಳಿಯುತ್ತದೆ. ನಾನು ಮಾಡುತ್ತಿರುವ ಸೆನ್ಸರು ಎಂದರೆ, ಅದನ್ನು ಮಾತ್ರ ಹಿಡಿಯುವ ಲೇಪ ಹಚ್ಚಿದ ಒಂದು ಕಡ್ಡಿ. ಪ್ರೋಟೀನು ಸಿಕ್ಕರೆ ಕಡ್ಡಿಯ ಕರೆಂಟು ಬದಲಾಗಿ ಯಂತ್ರದ ಮುಳ್ಳು ಅಲುಗುತ್ತದೆ. ನೀನು ಕಳಿಸಿದ ಹಾಲಿಗೆ ಅಲುಗಲೇ ಇಲ್ಲ. ನಾನು ಖುಷಿಯಲ್ಲಿ ಬರೆದುಬಿಟ್ಟೆ. ಆದರೆ ಚಲೋ ಎಮ್ಮೆಯ ಹಾಲಿಗೂ ಅದು ತುಸು ಅಲುಗಬೇಕು. ನಮ್ಮ ಸರ್ ನಕ್ಕು, "ಎಮ್ಮಿ ಸುಳ್ಳ ಹೇಳಾಕತ್ತೈತೋ, ನಿಮ್ಮ ಕಡ್ಡಿ ಸುಳ್ಳ ಹೇಳಾಕತ್ತೈತೋ ನೋಡ್ರಿ" ಅಂದರು.

ಇವತ್ತು ಬಾಟಲಿ ತೊಳೆಯುವಾಗ ತಳದಲ್ಲಿ ಇದ್ದಲಿ ಚೂರು ಸಿಕ್ಕಿತು. "ಮನಿ ಹಾಲು ಊರು ದಾಟೂಮುಂದ ಮಂದಿ ಕಣ್ಣಿನ ನೆದರ ಆಗಬಾರ್ದು" ಎಂದು ನೀನೇ ಹಾಕಿದ್ದೀಯ. ಬಸ್ಸಿನಲ್ಲಿ ಅದು ಕುಲುಕಿ ಅರ್ಧ ಪುಡಿಯಾಗಿ, ನನ್ನ ಕಡ್ಡಿ ಹಿಡಿಯಬೇಕಾದ ಪ್ರೋಟೀನನ್ನು ತಾನೇ ಹಿಡಿದುಕೊಂಡಿದೆ.

ಇನ್ನೊಮ್ಮೆ ಹಾಲು ಕಳಿಸು. ಥರ್ಮಾಸಿಗೆ ಬರ್ಫ ಹಾಕಿ ಅದರಲ್ಲಿ ಬಾಟಲಿ ಇಡಲು ಅಣ್ಣನಿಗೆ ಹೇಳು. ಇದ್ದಲಿಯನ್ನು ಒಳಗೆ ಹಾಕಬೇಡ, ಅರಿವೆಯಲ್ಲಿ ಸುತ್ತಿ ಬಾಟಲಿಯ ಕೊರಳಿಗೆ ಕಟ್ಟು. ಕಟ್ಟುವುದನ್ನು ಮಾತ್ರ ಮರೆಯಬೇಡ.

ಇವತ್ತು ಸಿಕ್ಕ ಚೂರನ್ನು ಒಣಗಿಸಿ ಯಂತ್ರದ ಹಿಂದೆ ಇಟ್ಟಿದ್ದೇನೆ. ಸರ್‌ಗೆ ಹೇಳಿಲ್ಲ.

ನಿನ್ನ
ಹೊಳೆವ್ವ