ಜೋಡಬಾವಿಯಿಂದ ತಿರುಗಿ ಬಂದವರನ್ನು ಕಾರಣ ಕೇಳಿದ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ನೀರೊಳಗಿಂದ ಅರ್ಧಕ್ಕೇ ವಾಪಸ್ ಬರುವವರು ಇನ್ನು ಮುಂದೆ ಕಾರಣ ಕೊಡಬೇಕು, ಅದು ಸರಿಯಾದ ಕಾರಣವೋ ಅಲ್ಲವೋ ಎಂದು ಸಮಿತಿ ತೀರ್ಮಾನಿಸುತ್ತದೆ ಎಂದು ನೀವು ಹೊರಡಿಸಿದ ಆದೇಶ ಜಲಸಾಹಸ ತರಬೇತಿ ಕೇಂದ್ರದ ಬಾಗಿಲಿಗೆ ಇವತ್ತಿಗೂ ಅಂಟಿಕೊಂಡಿದೆ. ಆ ಆದೇಶದಿಂದ ನನ್ನ ಗೆಳತಿ ಮಿನಾಜ್‌ಳ ಒಂದು ಕಿವಿ ಹೋಯಿತು. ಹೋದದ್ದು ಆಕೆಯ ನಿರ್ಲಕ್ಷ್ಯದಿಂದ ಎಂದು ನೀವು ಪತ್ರಿಕೆಯವರಿಗೆ ಹೇಳಿದ್ದೀರಿ. ಇದನ್ನು ನಿಮ್ಮ ಮುಖ ನೋಡಿಯೇ ಕೇಳಬೇಕೆಂದು ಆಫೀಸಿಗೆ ಬಂದೆ. ನೀವು ಮೀಟಿಂಗ್‌ನಲ್ಲಿದ್ದಿರಿ. ಮತ್ತೊಮ್ಮೆ ಬಂದೆ, ಆಗಲೂ ಮೀಟಿಂಗ್‌ನಲ್ಲಿದ್ದಿರಿ. ಆದ್ದರಿಂದ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಆಕ್ಚುಲಿ ನಾಲ್ಕು ಜನರ ಮುಂದೆ ನಿಂತರೆ ನನ್ನ ಬಾಯಿ ಒಣಗುತ್ತದೆ, ನಿಮಗದು ಚೆನ್ನಾಗಿ ಗೊತ್ತು. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ ಎಂಬುದೊಂದೇ ಸಮಾಧಾನ.

ಓದುವವರಿಗಾಗಿ ಸ್ವಲ್ಪ ಹೇಳಬೇಕು. ದೇವದುರ್ಗದಿಂದ ಗೂಗಲ್ ಊರಿನ ಕಡೆ ಹೋಗುವ ದಾರಿಯಲ್ಲಿ, ಬಂಡೆಗಳ ನಡುವೆ ಎರಡು ಹಳೆಯ ಬಾವಿಗಳಿವೆ. ಜನ ಜೋಡಬಾವಿ ಎನ್ನುತ್ತಾರೆ. ಮೇಲಿನಿಂದ ಅವು ಬೇರೆ ಬೇರೆ. ನೀರಿನ ಕೆಳಗೆ ಮಾತ್ರ ಬಂಡೆ ಸಂದಿಯ ಗವಿಯೊಂದು ಎರಡನ್ನೂ ಕೂಡಿಸುತ್ತದೆ. ಈ ಬಾವಿಯಲ್ಲಿ ಮುಳುಗಿ ಆ ಬಾವಿಯಲ್ಲಿ ಎದ್ದವರು ಇದುವರೆಗೆ ಯಾರೂ ಇಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಸಿ ನಮ್ಮಿಂದ ಅದನ್ನು ಮೊದಲ ಸಲ ಮಾಡಿಸುವುದು ನಿಮ್ಮ ಕನಸಾಗಿತ್ತು. ಗವಿಯಲ್ಲಿ ತಲೆಯ ಮೇಲೆ ಕಲ್ಲು ಇರುತ್ತದೆ. ಭಯವಾಯಿತೆಂದು ಮೇಲಕ್ಕೆ ಏಳುವಂತಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಕೆಸರೆದ್ದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಅದಕ್ಕೇ ಒಳಗೆ ಹೋಗುವವರು ದಾರ ಕಟ್ಟುತ್ತಾ ಹೋಗುತ್ತಾರೆ, ಬರುವಾಗ ಅದನ್ನೇ ಹಿಡಿದು ಬರುತ್ತಾರೆ. ಮಳೆಗಾಲ ಮುಗಿದು ನೀರು ತಿಳಿಯಾದಾಗಿನಿಂದ ಆ ದಾರವನ್ನು ಮಾರು ಮಾರಾಗಿ ಮುಂದಕ್ಕೆ ಕಟ್ಟಿದವರು ನಾನು ಮತ್ತು ಮಿನಾಜ್. ದಾರ ಕಟ್ಟಿದವರಿಗೇ ಮೊದಲು ದಾಟುವ ಹಕ್ಕು, ಬೇರೆಯವರು ಅವರನ್ನು ಕೇಳಿಯೇ ಒಳಗೆ ಹೋಗಬೇಕು ಎಂಬ ಮರ್ಯಾದೆಯನ್ನು ಕಲಿಸಿದವರು ನೀವು.

ಅದಕ್ಕೂ ಮೊದಲು ನೀವು ಕಲಿಸಿದ್ದು ಹೆಬ್ಬೆರಳು. ಶಕ್ತಿನಗರದ ಈಜುಕೊಳದಲ್ಲಿ ಮೊದಲ ಪಾಠ. "ನೆಲದ ಮೇಲೆ ಹೆಬ್ಬೆರಳು ಎತ್ತಿದರೆ ಸೂಪರ್ ಅಂತ. ನೀರಲ್ಲಿ ಎತ್ತಿದರೆ ಸಾಕು, ವಾಪಸ್ ಹೋಗೋಣ ಅಂತ. ಯಾರು ಬೇಕಾದರೂ ಎತ್ತಬಹುದು, ಯಾವಾಗ ಬೇಕಾದರೂ ಎತ್ತಬಹುದು. ಜೊತೆಗಿರುವವರು ಆ ಕ್ಷಣವೇ ತಿರುಗಬೇಕು. ಹೊರಗೆ ಬಂದ ಮೇಲೂ ಯಾಕೆ ಅಂತ ಕೇಳಬಾರದು. ಕೇಳುವವರು ನನ್ನ ತಂಡದಲ್ಲಿ ಬೇಡ" ಎಂದಿರಿ. ಅವತ್ತೇ, ತಲೆ ನೀರಿಗೆ ಮುಳುಗಿತೋ ಇಲ್ಲವೋ, ನಾನು ಹೆಬ್ಬೆರಳು ಎತ್ತಿದೆ. ನೀವು ಮೇಲಕ್ಕೆ ಕರೆತಂದು ಟವೆಲ್ ಕೊಟ್ಟು, "ಬಿಸ್ಕಿಟ್ ತಿಂತೀಯಾ?" ಎಂದಿರಿ. ಅಷ್ಟೇ. ಮರುವಾರ ಮತ್ತೆ ಎತ್ತಿದೆ. ಮತ್ತೆ ಬಿಸ್ಕಿಟ್. "ಬಿಸ್ಕಿಟ್ ತಿನ್ನಾಕಂತನ ಬರ್ತಾಳ್ರೀ ಈಕಿ" ಎಂದು ಮಿನಾಜ್ ನಕ್ಕಳು. ಆದರೆ ಯಾಕೆ ಎಂದು ಆಕೆಯೂ ಕೇಳಲಿಲ್ಲ.

ಇದು ನನಗೆ ಎಷ್ಟು ದೊಡ್ಡದಾಗಿತ್ತು ಎಂಬುದು ನಿಮಗೆ ಅರ್ಥವಾಗಲಿಕ್ಕಿಲ್ಲ. ಯಾಪಲದಿನ್ನಿಯಿಂದ ಐದನೇ ಕ್ಲಾಸಿಗೆ ಹಾಸ್ಟೆಲ್ ಸೇರಿದವಳು ನಾನು. ಹಾಸ್ಟೆಲ್‌ನಲ್ಲಿ ಎಲ್ಲದಕ್ಕೂ ಕಾರಣ ಬೇಕು. ಊಟ ಬಿಟ್ಟರೆ ಯಾಕೆ, ಅತ್ತರೆ ಯಾಕೆ, ಊರಿಗೆ ಹೋಗಬೇಕೆಂದರೆ ಯಾಕೆ. ಸುಮ್ಮನೆ ಅವ್ವನ ನೆನಪಾಯಿತು ಎಂಬುದು ಕಾರಣದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಹೊಟ್ಟೆನೋವು ಎಂದು ಹೇಳಲು ಎಲ್ಲರೂ ಕಲಿತಿದ್ದೆವು. ನನಗೆ ಟೆನ್ಷನ್ ಆಗುತ್ತದೆ; ಎದೆ ಬಿಗಿಯುತ್ತದೆ; ಯಾಕೆ ಎಂದರೆ ನನಗೇ ಗೊತ್ತಿರುವುದಿಲ್ಲ. ಹಾಗಿರುವಾಗ, ಗೊತ್ತಿಲ್ಲದೆಯೂ ತಿರುಗಿ ಬರಬಹುದಾದ ಒಂದು ಜಾಗ ಈ ಭೂಮಿಯ ಮೇಲೆ, ಅಂದರೆ ಕೆಳಗೆ, ಇದೆ ಎಂದು ಹೇಳಿದ ಮೊದಲ ಮನುಷ್ಯ ನೀವು. ತಮಾಷೆಯೆಂದರೆ, ಯಾವಾಗ ಬೇಕಾದರೂ ವಾಪಸ್ ಬರಬಹುದು ಎಂದು ಗೊತ್ತಾದ ಮೇಲೆ ನಾನು ವಾಪಸ್ ಬರುವುದನ್ನೇ ಬಿಟ್ಟೆ. ಹೆದರಿಸಿ ಕಲಿಸಿದ್ದರೆ ಗವಿಯ ಬಾಯಿಯವರೆಗೂ ನಾನು ಬರುತ್ತಿರಲಿಲ್ಲ.

ಆಮೇಲೆ ನಿಮ್ಮ ಜಲಸಾಹಸ ದಿನ ಬಂತು. ಆಚೆ ಬಾವಿಯ ಪಕ್ಕ ಶಾಮಿಯಾನ, ಗಣ್ಯರು, ಮೈಕು, ತಲೆಯ ಮೇಲೆ ಡ್ರೋನು. ನಾವು ಈಚೆ ಬಾವಿಯಲ್ಲಿ ಮುಳುಗಬೇಕು, ಆಚೆ ಬಾವಿಯಲ್ಲಿ ಎದ್ದ ಕೂಡಲೇ ಹಾರ ಹಾಕಿಸಿಕೊಳ್ಳಬೇಕು. ನನ್ನ ಅವ್ವ ದುರುಗಮ್ಮ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಟಂಟಂ ಆಟೊ ಹಿಡಿದು ಬಂದಿದ್ದಳು. ನಾನೂ ಮಿನಾಜ್‌ಳೂ ಮುಳುಗಿ ಗವಿ ಹೊಕ್ಕೆವು. ನಮ್ಮ ದಾರದ ಕೊನೆಗೆ ಇನ್ನೂ ತಲುಪಿರಲಿಲ್ಲ. ನಾನು ಹೆಬ್ಬೆರಳು ಎತ್ತಿದೆ. ಮಿನಾಜ್ ಕಣ್ಣು ಕೂಡ ಮಿಟುಕಿಸದೆ ತಿರುಗಿದಳು. ಇಳಿದಲ್ಲೇ ಎದ್ದೆವು. ನಮ್ಮನ್ನು ಒದ್ದೆಬಟ್ಟೆಯಲ್ಲೇ ಶಾಮಿಯಾನಕ್ಕೆ ಕರೆಸಿದಿರಿ. ಮೈಕು ಹಿಡಿದು ನೀವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಗಾಳಿ ಇತ್ತು, ದಾರ ಇತ್ತು, ಗಣ್ಯರು ಬಂದಿದ್ದರು. ಮತ್ತೆ ಯಾಕಮ್ಮಾ ವಾಪಸ್ ಬಂದೆ? ಹೇಳು, ಎಲ್ಲರೂ ಕೇಳಲಿ."

ಗಣ್ಯರು ಬಂದರೆ ಗವಿಯೊಳಗೆ ಗಾಳಿ ಹೆಚ್ಚಾಗುತ್ತದೆಯೇ ಸರ್? ಪಾಠದಲ್ಲಿ ನೀವದನ್ನು ಹೇಳಿರಲಿಲ್ಲ.

ಜನಕ್ಕೆ ಅಷ್ಟು ಸಾಕಾಗಿತ್ತು. "ಬಾವ್ಯಾಗ ದೆವ್ವ ಕಂಡಿರಬೇಕು ಬಿಡ್ರಿ ಸಾಹೇಬ್ರ!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಏ ತಂಗಿ, ನೀರು ಭಾಳ ತಣ್ಣಗಿದ್ವೇನು? ಕಾಸಿ ಕೊಡಬೇಕಿತ್ತಾ?" ಎಂದ ಇನ್ನೊಬ್ಬ. ನೀವು ತಡೆಯಲಿಲ್ಲ, ನಕ್ಕಿರಿ. ಆಗ ಮಿನಾಜ್ ಒಬ್ಬಳೇ ಬಾಯಿ ತೆರೆದಳು. "ಸರ್, ಯಾಕ ಅಂತ ಕೇಳಬಾರ್ದು ಅಂತ ನೀವ ಹೇಳೀರಲ್ರಿ." ಮೈಕನ್ನು ಅಂಗೈಯಿಂದ ಮುಚ್ಚಿ ನೀವು ಕೊಟ್ಟ ಉತ್ತರ ಶಾಮಿಯಾನದಲ್ಲಿ ಕೂತವರಿಗೆ ಕೇಳಿಸಿರಲಿಕ್ಕಿಲ್ಲ, ನಮಗೆ ಕೇಳಿಸಿತು: "ಅದು ಕ್ಲಾಸು. ಇದು ಫಂಕ್ಷನ್."

ಅವ್ವ ಬಂದು ತನ್ನ ಸೆರಗಿನಿಂದ ನನ್ನ ತಲೆ ಒರೆಸಿ, "ಬಂದೀಯಲ್ಲ, ಸಾಕು. ನಡಿಯವ್ವಾ" ಎಂದಳು.

ನಾನು ಅವತ್ತು ಯಾಕೆ ತಿರುಗಿದೆ ಎಂಬುದನ್ನು ಈ ಪತ್ರದಲ್ಲೂ ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ತಕ್ಕಡಿಗೆ ಹಾಕುತ್ತೀರಿ. ಸಣ್ಣದಾಗಿದ್ದರೆ ಇಷ್ಟಕ್ಕೇನಾ ಎನ್ನುತ್ತೀರಿ, ದೊಡ್ಡದಾಗಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀರಿ.

ಮರುದಿನವೇ ಆದೇಶ ಬಂತು. ಎಂಥ ಭಾಷೆ! 'ಸಕಾರಣವಿಲ್ಲದ ಹಿಂತಿರುಗುವಿಕೆ'ಯನ್ನು ಅಶಿಸ್ತು ಎಂದು ಪರಿಗಣಿಸಲಾಗುವುದು. ಹೆದರಿಕೆಯನ್ನು ಪರಿಶೀಲಿಸಲು ಒಂದು ಸಮಿತಿ, ಆ ಸಮಿತಿಯ ಸದಸ್ಯರಲ್ಲಿ ಈಜು ಬರುವವರು ಒಬ್ಬರೂ ಇಲ್ಲ. ಕತ್ತಲ ಗವಿಯಲ್ಲಿ, ಬಾಯಲ್ಲಿ ಗಾಳಿಕೊಳವೆಯ ರಬ್ಬರು ಕಚ್ಚಿಕೊಂಡು, ತನಗೆ ಆಗುತ್ತಿರುವುದು ಸಕಾರಣವೋ ಅಕಾರಣವೋ ಎಂದು ಯೋಚಿಸುವಷ್ಟು ಹೊತ್ತು ಯಾರಿಗಿರುತ್ತದೆ? ಯೋಚಿಸುವಷ್ಟು ಹೊತ್ತಿದ್ದರೆ ವಾಪಸ್ ಬರುವ ಅಗತ್ಯವೇ ಇರುವುದಿಲ್ಲವಲ್ಲ? ಮೊದಲ ಅಶಿಸ್ತು ನನ್ನದೇ ಆದ್ದರಿಂದ ನನ್ನನ್ನು ತಂಡದಿಂದ ತೆಗೆದಿರಿ. ನನ್ನ ಜಾಗಕ್ಕೆ ದುರುಗೇಶನನ್ನು ಹಾಕಿದಿರಿ. ಆ ಹುಡುಗ ನಮ್ಮ ಕಾಲೇಜಿನವನೇ. ನನ್ನನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಬಂದು, "ಅಕ್ಕಾ, ನಿಮ್ಮ ದಾರ ಹಿಡಕೊಂಡು ಹೋಗ್ಲೇನು?" ಎಂದು ಕೇಳಿದ. ನೀವು ಕಲಿಸಿದ ಮರ್ಯಾದೆ ಸರ್ ಅದು. ಕಲಿತವನಲ್ಲಿ ಇನ್ನೂ ಉಳಿದಿದೆ.

ಎರಡನೇ ಪ್ರಯತ್ನದ ದಿನ ಮಿನಾಜ್‌ಗೆ ನೆಗಡಿಯಾಗಿತ್ತು. ಆಳಕ್ಕೆ ಇಳಿಯುವಾಗ ಮೂಗು ಹಿಡಿದು ಒಳಗಿಂದ ಊದಿ ಕಿವಿ ಬಿಡಿಸಿಕೊಳ್ಳುತ್ತಾ ಹೋಗಬೇಕು. ನೆಗಡಿಯಿದ್ದರೆ ಕಿವಿ ಬಿಡುವುದಿಲ್ಲ, ನೀರಿನ ಒತ್ತಡಕ್ಕೆ ಒಳಗಿನ ತಮಟೆ ಹರಿಯುತ್ತದೆ. ಇದೂ ನಿಮ್ಮದೇ ಪಾಠ. ನಾನು ದಡದಲ್ಲಿ ಬ್ಯಾಗು ಕಾಯಲು ಹೋಗಿದ್ದೆ.

"ಮೂಗು ಕಟ್ಟ್ಯಾದಲ್ಲ ನಿಂದು. ಸರ್‌ಗೆ ಹೇಳು, ಇವತ್ತು ಬ್ಯಾಡ" ಎಂದೆ.

"ಏನಂತ ಹೇಳ್ಲಿ? ಮೂಗು ಸೋರಾಕತ್ತದ, ಗಣ್ಯರು ಕ್ಷಮಿಸಬೇಕು ಅಂತನಾ?" ಎಂದಳು. "ಸಮಿತಿಯವ್ರು ಚಾ ಕುಡ್ಕೊಂತ ನಗ್ತಾರ. ನಿನಗ ಮಾಡಿದ್ದು ನೋಡೀನಲ್ಲ, ನನಗ ಅದು ಬ್ಯಾಡವಾ."

ಒಳಗೆ ನಡೆದದ್ದನ್ನು ದುರುಗೇಶ ಆಮೇಲೆ ಆಸ್ಪತ್ರೆಯ ಹೊರಗೆ ಕೂತು ಹೇಳಿದ. "ಕಿವಿ ಮ್ಯಾಲ ಕೈ ಇಟ್ಕೊಂಡಿದ್ಳಕ್ಕಾ. ಆರಾಮ ಅದೀಯೇನು ಅಂತ ಸನ್ನೆ ಮಾಡ್ದೆ. ಹೆಬ್ಬಟ್ಟು ಅರ್ಧ ಎತ್ತಿದ್ಳು. ನಾ ತಿರುಗಬೇಕಂತ ಅನ್ನೋದ್ರಾಗ ಮುಷ್ಟಿ ಮುಚ್ಚಿಕೊಂಡ್ಳು. ಮುಂದ ಹೋಗು ಅಂತ ಕೈ ಮಾಡಿದ್ಳು."

ಆ ಅರ್ಧ ಹೆಬ್ಬೆರಳಿನ ಮೇಲೆ ನಿಮ್ಮ ಸಹಿ ಇದೆ.

ಸ್ವಲ್ಪ ಮುಂದೆ ಕಿವಿಯ ತಮಟೆ ಹರಿದು ತಣ್ಣೀರು ಒಳನುಗ್ಗಿತು. ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ತಿಳಿಯದೆ ಆಕೆ ಬಂಡೆಗೆ ತಲೆ ಹೊಡೆದುಕೊಂಡು ಒದ್ದಾಡತೊಡಗಿದಳು. ಕೆಸರೆದ್ದು ಏನೂ ಕಾಣದಾಯಿತು. ದುರುಗೇಶ ಒಂದು ಕೈಯಲ್ಲಿ ಆಕೆಯ ಬೆಲ್ಟು, ಇನ್ನೊಂದು ಕೈಯಲ್ಲಿ ನಾವು ಕಟ್ಟಿದ ದಾರ ಹಿಡಿದು ಎಳೆದು ತಂದ. ಮಾನ್ವಿಯ ಸಂತೆಯಲ್ಲಿ ಬಳೆ ಮಾರುವ ಆಕೆಯ ತಂದೆ ಮೌಲಾಹುಸೇನರು ಅಂಗಡಿಯನ್ನು ಹಾಗೇ ಬಿಟ್ಟು ಓಡಿ ಬಂದರು. ಡಾಕ್ಟರು ಹೇಳಿದ್ದನ್ನು ಕೇಳಿ, "ಮಗಳು ಉಳದಾಳಲ್ಲ, ಅಲ್ಲಾ ದೊಡ್ಡಾವ" ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಮಿನಾಜ್ ಇನ್ನು ನೀರಿಗೆ ಇಳಿಯುವಂತಿಲ್ಲ.

ಇದೆಲ್ಲವನ್ನೂ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನುಂಗಲಾಗದ್ದು ಪತ್ರಿಕೆಯಲ್ಲಿ ಬಂದ ನಿಮ್ಮ ಹೇಳಿಕೆ. "ಯಾರು ಬೇಕಾದರೂ ಯಾವಾಗ ಬೇಕಾದರೂ ಕಾರಣ ಕೊಡದೆ ವಾಪಸ್ ಬರಬಹುದು ಎಂಬುದು ನಮ್ಮ ಕೇಂದ್ರದ ಮೂಲ ನಿಯಮ. ವಿದ್ಯಾರ್ಥಿನಿ ಅದನ್ನು ಪಾಲಿಸದೆ, ನೆಗಡಿಯನ್ನು ಮುಚ್ಚಿಟ್ಟು ಅಪಾಯ ತಂದುಕೊಂಡಿದ್ದಾರೆ." ಬೆಳಿಗ್ಗೆ ಮೆಸ್‌ನಲ್ಲಿ ಇದನ್ನು ಓದಿ ತಟ್ಟೆ ಬಿಟ್ಟು ಎದ್ದು ಬಂದೆ. ತಿರುಗಿ ಬಂದ ನಾನು ಅಶಿಸ್ತಿನವಳು, ತಿರುಗದ ಆಕೆ ನಿರ್ಲಕ್ಷ್ಯದವಳು. ಹಾಗಾದರೆ ನಿಮ್ಮ ಬಾವಿಯೊಳಗೆ ಸರಿಯಾಗಿ ಇರುವುದು ಹೇಗೆ? ನಮ್ಮಿಂದ ಕಿತ್ತುಕೊಂಡ ನಿಯಮವನ್ನೇ ಎತ್ತಿ ನಮಗೆ ಹೊಡೆದಿರಿ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಗೊತ್ತಿಲ್ಲದವರು ಎಂದು ಬಿಡುತ್ತಿದ್ದೆ. ನಿಮಗೆ ಗೊತ್ತಿತ್ತು. ನಮ್ಮೆಲ್ಲರಿಗಿಂತ ಚೆನ್ನಾಗಿ, ನಮ್ಮೆಲ್ಲರಿಗಿಂತ ಮೊದಲು ನಿಮಗೇ ಗೊತ್ತಿತ್ತು.

ಬರುವ ಭಾನುವಾರ ಹೈಸ್ಕೂಲು ಮಕ್ಕಳ ಹೊಸ ಬ್ಯಾಚು ಶುರುವಾಗುತ್ತದಂತೆ. ಆ ಮಕ್ಕಳೂ ನಿಮ್ಮನ್ನು ನಂಬುತ್ತಾರೆ. ನಂಬಿಸುವ ಹಾಗೆ ಕಲಿಸುವುದು ನಿಮಗೆ ಬರುತ್ತದೆ, ಅದೇ ನನ್ನ ಭಯ. ಅವರಲ್ಲಿ ಒಬ್ಬರು ನೀರಿಗೆ ಕಾಲಿಡುವ ಮೊದಲು ಆ ಆದೇಶವನ್ನು ಹಿಂಪಡೆಯಿರಿ. ನನ್ನನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಕೇಳುತ್ತಿಲ್ಲ. ಜೋಡಬಾವಿಯ ಮುಂದೆ, ಮಕ್ಕಳ ಎದುರು, ಮಿನಾಜ್‌ಳ ತಪ್ಪೇನೂ ಇರಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಪತ್ರಿಕೆಯಲ್ಲಿ ಬಂದರೆ ಸಾಲದು, ಆಕೆಯ ಮುಂದೆ ಹೇಳಬೇಕು. ಆಕೆ ಬರುತ್ತಾಳೆ, ನಾನು ಕರೆದುಕೊಂಡು ಬರುತ್ತೇನೆ. ಹೇಳುವಾಗ ದಯವಿಟ್ಟು ಆಕೆಯ ಬಲಗಡೆಗೆ ನಿಂತುಕೊಳ್ಳಿ. ಎಡಗಡೆಯಿಂದ ಹೇಳಿದ್ದು ಆಕೆಗೆ ಕೇಳಿಸುವುದಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ಅಶಿಸ್ತಿನ ವಿದ್ಯಾರ್ಥಿನಿ, ಇಷ್ಟಾದರೂ ನಿಮ್ಮನ್ನು ಸರ್ ಎನ್ನುವ ರೂಢಿ ತಪ್ಪದವಳು,
ನೇತ್ರಾವತಿ
ಪದವಿ ಮೊದಲ ವರ್ಷ, ರಾಯಚೂರು