ವರ್ಲಿನ್ ಮತ್ತು ನಿರುದ್ಯೋಗ ಭತ್ಯೆ

ಜನವರಿ 9, ಮಂಗಳವಾರ

ಎದ್ದವಳೇ ಬೂಟು ಹಾಕಿಕೊಂಡು ಬಾಗಿಲ ತನಕ ಹೋಗಿಬಿಟ್ಟೆ. ಆಮೇಲೆ ನೆನಪಾಯಿತು — ಜನ ಚೆಂಡುರುಳಿಸಿ ಆಡಲು ಬರುತ್ತಿದ್ದ ಆ ಬೌಲಿಂಗ್ ಹಾಲ್ ಮುಚ್ಚಿ ವಾರವಾಯಿತು. ಹದಿನಾಲ್ಕು ವರ್ಷ ಅಲ್ಲಿನ ಅಡುಗೆಮನೆಯಲ್ಲಿ ಹಂದಿಮಾಂಸ ಕರಿಯುತ್ತ ನಿಂತ ಕಾಲುಗಳು. ತಾವಾಗಿಯೇ ಹೊರಡುತ್ತವೆ.

ವರ್ಲಿನ್ ಇನ್ನೂ ಹಾಸಿಗೆಯಲ್ಲಿ. ಹಾಲ್ ಅವನದು, ಮನೆ ಅವನದು, ಹಾಸಿಗೆಯೂ ಅವನದೇ. ನಾನು ಅವನ ಹಾಲ್‌ನಲ್ಲಿ ಅಡುಗೆಯವಳು, ಮನೆಯಲ್ಲಿ ಜೊತೆಗಾತಿ. ಹೆಂಡತಿ ಅಲ್ಲ. ಎರಡು ಸಲ ಕೇಳಿದ್ದೆ. "ಒಂದ್ಸಲ ಮದ್ವೆಯಾಗಿ ಕೈ ಸುಟ್ಕೊಂಡಿದೀನಿ ಡಾರ್ಲಾ, ಸುಮ್ನಿರು" ಅಂದಿದ್ದ. ಮೂರನೇ ಸಲ ಕೇಳುವಷ್ಟು ಮಾನಗೆಟ್ಟವಳಲ್ಲ.

ಮನೆ ಬೆಚ್ಚಗಿಡಲು ಹಿತ್ತಲಿನ ಟ್ಯಾಂಕಿಗೆ ಗ್ಯಾಸ್ ತುಂಬಿಸಬೇಕು. ಅವನ ಕೈಯೂ ಬರಿದು. ನಿರುದ್ಯೋಗ ಭತ್ಯೆ ಬಂದರೆ ಚಳಿಗಾಲ ದಾಟಬಹುದು. ಬುಧವಾರ ಲೈಬ್ರರಿಯಲ್ಲಿ ಅರ್ಜಿ ತುಂಬಿಸಿಕೊಡುತ್ತಾರಂತೆ. ನಾಳೆಯೇ.

ಜನವರಿ 10

ತುಂಬಿಸಿಕೊಡುವವರು ಯಾರು ಅಂದರೆ — ಮಿಸೆಸ್ ವಾಸ್ಬರ್ಗ್! ನನ್ನ ಆರನೇ ಕ್ಲಾಸಿನ ಟೀಚರ್.

"ಏನೇ ಹುಡುಗಿ, ಆಗ್ಲೂ ಲೇಟು, ಈಗ್ಲೂ ಲೇಟು!"

ಐವತ್ತು ದಾಟಿದ ಹುಡುಗಿ. ಕಂಪ್ಯೂಟರ್ ನನ್ನನ್ನು ಮತ್ತೆ ಮತ್ತೆ ಹೊರಗೆ ಹಾಕಿತು. ಕೊನೆಗೆ ಟೀಚರೇ ಕೀಲಿಗಳನ್ನು ಕುಟ್ಟಿದರು, ಅರ್ಜಿ ಹೋಯಿತು. ಹೊರಡುವಾಗ ಬೆನ್ನು ತಟ್ಟಿ, "ಭಿಕ್ಷೆ ಅಲ್ಲ ಕಣೇ ಇದು. ದುಡಿದೋರಿಗೆ ಸಿಗ್ಬೇಕಾದ್ದು" ಅಂದರು. ಮನಸ್ಸು ಹಗುರಾಯಿತು.

ಜನವರಿ 24, ಮಧ್ಯಾಹ್ನ

ಉತ್ತರ ಬಂತು. ತಿರಸ್ಕೃತ. ಕಾರಣ ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದೇ ಇದೆ — ಅರ್ಜಿದಾರಳು ಮಾಲೀಕನ ಹೆಂಡತಿ, ಹೆಂಡತಿಗೆ ಭತ್ಯೆ ಇಲ್ಲ.

ಯಾರ ಹೆಂಡತಿ? ಮದುವೆ ಯಾವಾಗ ಆಯಿತು? ನನ್ನನ್ನು ಯಾರೂ ಕರೆಯಲೇ ಇಲ್ಲವಲ್ಲ!

ಕೋಟಿನ ಗುಂಡಿ ಹಾಕುವುದನ್ನೂ ಮರೆತು ಲೈಬ್ರರಿಗೆ ಓಡಿದೆ. ಟೀಚರ್ ಓದಿದರು.

"ಇಷ್ಟು ವರ್ಷ ವರ್ಲಿನ್ ಲೆಕ್ಕದಲ್ಲಿ ನಿನ್ನನ್ನ ಹೆಂಡ್ತಿ ಅಂತ ತೋರ್ಸಿದಾನೆ ಕಣೇ. ಹೆಂಡ್ತಿ ದುಡಿದ್ರೆ ಮಾಲೀಕ ಈ ಭತ್ಯೆಗೆ ಅಂತ ಕಟ್ಟೋ ನಿರುದ್ಯೋಗ ತೆರಿಗೆ ಕಟ್ಬೇಕಾಗಿಲ್ಲ."

"ನಾವು ಮದುವೇನೇ ಆಗಿಲ್ವಲ್ಲ ಟೀಚರ್!"

"ನಮ್ಮ ಅಯೋವಾ ರಾಜ್ಯದಲ್ಲಿ ಪಾದ್ರಿ ಬೇಕೇ ಬೇಕು ಅಂತಿಲ್ಲ. ಜೊತೇಲಿ ಬಾಳಿ, ಗಂಡ-ಹೆಂಡ್ತಿ ಅಂತ ಇಬ್ರೂ ಒಪ್ಕೊಂಡು, ನಾಲ್ಕು ಜನಕ್ಕೆ ಹಾಗೇ ಹೇಳ್ಕೊಂಡಿದ್ರೆ ಮದುವೆ ಆದಂಗೇ. ಅವನಂತೂ ಸರ್ಕಾರಕ್ಕೇ ಹೇಳಿದಾನೆ. ನೀನೂ ಹೂಂ ಅಂದ್ರೆ ಹೆಂಡ್ತಿ, ಭತ್ಯೆ ಇಲ್ಲ. ಅಲ್ಲ ಅಂದ್ರೆ ಭತ್ಯೆ ಕೇಳ್ಬಹುದು, ಹಳೇ ತೆರಿಗೆಯೆಲ್ಲ ಅವನ ತಲೆಗೆ. ಮೇಲ್ಮನವಿ ಹಾಕ್ತೀಯಾ?"

ಹಾಕಿದೆ. ಅವಸರದಲ್ಲಿ ನನ್ನ ಹೆಸರೇ ತಪ್ಪು ಹೊಡೆದೆ.

ಅದೇ ದಿನ, ಸಂಜೆ

ವರ್ಲಿನ್ ಬೀನ್ಸ್ ತಿನ್ನುತ್ತಿದ್ದ. ಕಾಗದವನ್ನು ತಟ್ಟೆಯ ಪಕ್ಕಕ್ಕಿಟ್ಟೆ.

"ಓ, ಅದಾ? ಲೆಕ್ಕ ಬರೆಯೋನು ಕೇಳ್ದ, ಡಾರ್ಲಾ ನಿನ್ನ ಹೆಂಡ್ತೀನಾ ಅಂತ. ಹೌದು ಅಂದ್ರೆ ತೆರಿಗೆ ಉಳಿಯತ್ತಂತೆ. ಹೌದು ಅಂದೆ."

"ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳೋದೇನು... ನಿಂಗೆ ಗೊತ್ತಿದ್ದದ್ದೇ ಅಲ್ವಾ."

ಏನು ಗೊತ್ತಿತ್ತು? ಮದುವೆ ಅಂದರೆ ಖರ್ಚು, ಹೆಂಡತಿ ಅಂದರೆ ಉಳಿತಾಯ — ಇದಾ? ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇಂಥವನಿಗೇ. ಸಿಟ್ಟು ಕೂಡ ಸರಿಯಾಗಿ ಬರುತ್ತಿಲ್ಲ. ಬರೀ ದಿಗಿಲು. ನನ್ನ ಮದುವೆ ಸರ್ಕಾರಕ್ಕೆ ಗೊತ್ತು, ನನಗೇ ಗೊತ್ತಿಲ್ಲ.

ನಾಚಿಕೆಗೇಡೆಂದರೆ, ಆ 'ಹೆಂಡತಿ' ಅನ್ನುವ ಪದ ಮೊದಲು ಓದಿದಾಗ ಒಂದು ಗಳಿಗೆ ಖುಷಿಯಾಗಿತ್ತು.

ಫೆಬ್ರವರಿ 13, ಬೆಳಿಗ್ಗೆ

ಮನೆಯಲ್ಲಿ ಮಾತಿಲ್ಲ. ಅವನು ಸೋಫಾದ ಮೇಲೆ ಮಲಗುತ್ತಾನೆ. ಹತ್ತಕ್ಕೆ ಫೋನಿನಲ್ಲಿ ಮೇಲ್ಮನವಿಯ ವಿಚಾರಣೆ. ಟೀಚರ್ ನಿನ್ನೆ ಅಂದದ್ದು: "ನಿಜ ಹೇಳು. ಯಾವ್ದು ನಿಜ ಅಂತ ಮೊದ್ಲು ನೀನೇ ತೀರ್ಮಾನ ಮಾಡ್ಕೋ."

ಅದೇ ದಿನ, ವಿಚಾರಣೆ ಮುಗಿದ ಮೇಲೆ

ಅಧಿಕಾರಿ ಹೆಂಗಸು. ನೆಗಡಿಯಾಗಿತ್ತು, ಪಾಪ. ಪ್ರಮಾಣ ಮಾಡಿಸಿದಳು. "ವರ್ಲಿನ್ ಹೌಗೆನ್ ನಿಮ್ಮ ಗಂಡನೇ?"

"ಅಲ್ಲ" ಅಂದೆ. ಗಟ್ಟಿಯಾಗಿಯೇ.

ತಿರುಗಿದರೆ ಬಾಗಿಲಲ್ಲಿ ವರ್ಲಿನ್. ಯಾವಾಗ ಬಂದನೋ. ಮುಖ ಬಿಳಿಚಿತ್ತು.

"ಹಾಗನ್ಬೇಡ ಕಣೇ, ಡಾರ್ಲಾ..."

ಅವನ ಆ ದನಿ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಹೆದರಿದ್ದು ತೆರಿಗೆಗೋ, ನಾನು ಹೋಗಿಬಿಡುತ್ತೇನೆಂದೋ — ಈಗಲೂ ತಿಳಿಯದು.

ಆಕೆಗೂ ಕೇಳಿಸಿತು. "ಪಕ್ಕದಲ್ಲಿ ಯಾರು, ಮೇಡಂ? ಅವರು ನಿಮಗೇನಾಗ್ಬೇಕು?"

ಇಬ್ಬರೂ ಕಾಯುತ್ತಿದ್ದರು. ಬಾಯಿ ತೆರೆದೆ. "ಇವನು ನನ್ನ..." ಅಂದೆ. ಆಮೇಲೆ ಅವನ ಮುಖ ನೋಡುತ್ತಲೇ ಮುಗಿಸಿದೆ: "...ಮಾಲೀಕ, ಮೇಡಂ. ಗಂಡ ಅಲ್ಲ."