ಕೋಚ್ ಮನೆ ಮಾರಾಟಕ್ಕಿದೆ

ಕಾರ್ವರ್ಸ್‌ಬರೋ, ಅಲಬಾಮಾ
ಸೋಮವಾರ, ಅಕ್ಟೋಬರ್ 9, 2006

ನನ್ನ ಮುದ್ದು ಮಗ ಲೂಶಸ್‌ಗೆ,

ನಿನ್ನ ಅಮ್ಮನ ನೂರು ಆಶೀರ್ವಾದ. ನಿನ್ನೆ ಬೆಳಗಿನ ಜಾವ ನನಗೊಂದು ಕೆಟ್ಟ ಕನಸು ಬಿತ್ತು. ನೀನು ಸ್ಟೇಡಿಯಂ ನಡುವೆ ಒಬ್ಬನೇ ನಿಂತಿದ್ದೆ. ಕಾಲಲ್ಲಿ ಚಿಕ್ಕವನಿದ್ದಾಗ ಚರ್ಚಿಗೆ ಹಾಕಿಕೊಳ್ಳುತ್ತಿದ್ದ ಆ ಬಿಗಿ ಶೂ. ಸುತ್ತ ಅಷ್ಟೊಂದು ಜನ, ಒಬ್ಬರೂ ಉಸಿರೆತ್ತುತ್ತಿಲ್ಲ. ಗೇಟಿನಿಂದ ಯಾರು ಯಾರೋ ನಮ್ಮ ಮನೆಯ ಸಾಮಾನು ಹೊತ್ತುಕೊಂಡು ಹೋಗುತ್ತಿದ್ದರು. ಸೋಫಾ ಹೋಯಿತು, ಅಡುಗೆಮನೆಯ ಮೇಜು ಹೋಯಿತು, ಹುಟ್ಟಲಿರುವ ಕೂಸಿಗೆಂದು ರೆನೀಟಾ ತಂದಿಟ್ಟ ತೊಟ್ಟಿಲೂ ಹೋಯಿತು. ನಾನು ಕೂಗುತ್ತೇನೆ, ಬಾಯಿಗೆ ಹತ್ತಿ ತುರುಕಿದ ಹಾಗೆ, ಸದ್ದೇ ಬರುವುದಿಲ್ಲ.

ಊಟದ ಡಬ್ಬಿಯ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ಮೊದಲು ಊಟ ಮಾಡು, ಆಮೇಲೆ ಓದು. ಬೇಡ, ಮೊದಲು ಓದು. ಓದಿದ ಮೇಲೆ ಊಟ ಸೇರದಿದ್ದರೆ ಸೊಪ್ಪನ್ನಾದರೂ ತಿನ್ನು. ಆಟದ ವಾರದಲ್ಲಿ ನೀನು ಮೊಬೈಲನ್ನು ಡ್ರಾಯರಿಗೆ ಹಾಕಿ ಬೀಗ ಹಾಕುತ್ತೀಯ, ಆಫೀಸಿಗೆ ಫೋನ್ ಮಾಡಿದರೆ ಯಾರು ಯಾರೋ ಎತ್ತುತ್ತಾರೆ. ಇದು ಯಾರು ಯಾರಿಗೋ ಹೇಳುವ ವಿಷಯವಲ್ಲ. ನಾಳೆ ಮಧ್ಯಾಹ್ನ ನೀನು ಪತ್ರಿಕೆಯವರ ಮುಂದೆ ಕೂರುವುದಕ್ಕೆ ಮೊದಲು ನಿನಗೆ ಗೊತ್ತಿರಲೇಬೇಕು. ನಮ್ಮ ಅಂಗಳದ ಬೋರ್ಡುಗಳನ್ನು ಕಿತ್ತವಳು ನಾನು.

ಈಗ ನಿಧಾನವಾಗಿ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ.

ಶನಿವಾರ ಸೋತು ಬಂದ ನೀನು ಮನೆಗೂ ಬರದೆ ನೇರ ಆಫೀಸಿಗೆ ಹೋಗಿ ಮಲಗಿದೆ. ಭಾನುವಾರ ಬೆಳಗ್ಗೆ, ಆ ಕನಸು ಇನ್ನೂ ಕಣ್ಣಲ್ಲೇ ಇರುವಾಗ, ನಾನು ಚರ್ಚಿಗೆ ಸಿದ್ಧಳಾಗಿ ಪೇಪರ್ ತರಲು ಬಾಗಿಲು ತೆಗೆದೆ. ಹುಲ್ಲಿನ ತುಂಬ 'ಮನೆ ಮಾರಾಟಕ್ಕಿದೆ' ಬೋರ್ಡುಗಳು. ಸಾಲಾಗಿ, ತೋಟಗಾರ ಅಳತೆ ಹಿಡಿದು ನೆಟ್ಟ ಹಾಗೆ. ರಾತ್ರಿ ಯಾರೋ ಬಂದು ಹೋಗಿದ್ದಾರೆ, ನಾವು ಒಳಗೆ ಮಲಗಿದ್ದೇವೆ, ನಮಗೆ ಒಂದು ಸದ್ದೂ ಕೇಳಿಸಿಲ್ಲ. ನನಗೆ ಮೊದಲು ಹೊಳೆದದ್ದು ಅದು.

ಫುಟ್‌ಬಾಲ್ ಆಟ ಸೋತ ಕೋಚ್ ಮನೆಯ ಮುಂದೆ ಬೋರ್ಡು ನೆಡುವುದು ಈ ಊರಿನ ಹುಚ್ಚಾಟ ಎಂದು ನೀನೇ ಒಂದು ಸಲ ನಗುತ್ತಾ ಹೇಳಿದ್ದೆ. ನನಗೆ ನೆನಪಿತ್ತು. ಆದರೆ ಆ ಹೊತ್ತಿನಲ್ಲಿ ನೆನಪಿಗೆ ಬಂದದ್ದು ಬೇರೆ. ನಿನಗೆ ಇದನ್ನು ಪೂರ್ತಿ ಯಾವತ್ತೂ ಹೇಳಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ನನ್ನ ಅಪ್ಪನ ಅಂಗಳದಲ್ಲಿ ಅರ್ಧ ಸುಟ್ಟ ಶಿಲುಬೆ ನಿಂತಿತ್ತು, ನಮ್ಮಂಥ ಕಪ್ಪು ಜನರನ್ನು ಹೆದರಿಸಲು ಬಿಳಿಯರು ರಾತ್ರಿ ಬಂದು ನೆಟ್ಟು ಬೆಂಕಿ ಹಚ್ಚಿ ಹೋಗುತ್ತಿದ್ದ ಅಂಥದ್ದು. ಅಪ್ಪ ಅದನ್ನು ಮುಟ್ಟಲಿಲ್ಲ, ಯಾರಿಗೂ ಮುಟ್ಟಲು ಬಿಡಲಿಲ್ಲ. ವಾರ ತುಂಬುವುದರೊಳಗೆ ನಾವು ಊರು ಬಿಟ್ಟೆವು. ನನ್ನ ಶಾಲೆಯೂ ಅಲ್ಲಿಗೇ ನಿಂತಿತು. ಅದನ್ನು ಮುಟ್ಟದೆ ಬಿಟ್ಟದ್ದರಿಂದಲೇ ಹಾಗಾಯಿತೇನೋ ಎಂದು ಇಷ್ಟು ವರ್ಷ ನಾನು ಅಂದುಕೊಂಡಿದ್ದೇನೆ. ಅದಕ್ಕೇ ನಿನ್ನೆ ಕೈ ತಡೆಯಲಿಲ್ಲ. ಶೂ ಹಿಮ್ಮಡಿ ಮಣ್ಣಲ್ಲಿ ಹೂತುಹೋಗುತ್ತಿದ್ದರೂ ಒಂದೊಂದಾಗಿ ಕಿತ್ತೆ. ಗ್ಯಾರೇಜಿನಲ್ಲಿ ಹುಲ್ಲು ಕೊಯ್ಯುವ ಯಂತ್ರದ ಹಿಂದೆ ಒಟ್ಟಿ, ಮೇಲೆ ಕಂಬಳಿ ಹೊದಿಸಿದೆ. ಕೈ ತೊಳೆದು ಚರ್ಚಿಗೆ ಹೋದೆ. ರೆನೀಟಾ ಎದ್ದಿರಲಿಲ್ಲ. ಏಳು ತಿಂಗಳ ಬಸುರಿಗೆ ಇದೆಲ್ಲ ಯಾಕೆ ಹೇಳಲಿ ಎಂದು ಸುಮ್ಮನಾದೆ.

ಮಧ್ಯಾಹ್ನದ ರೇಡಿಯೋದಲ್ಲಿ ನನ್ನ ತಪ್ಪು ನನಗೇ ತಿರುಗಿ ಬಂತು. ಅಭಿಮಾನಿಗಳು ಫೋನ್ ಮಾಡಿ ಕಿತ್ತಾಡುವ ಆ ಕಾರ್ಯಕ್ರಮ ಕೇಳಬೇಡ ಎಂದು ನೀನು ಹೇಳಿದ್ದೀಯ, ನಾನು ಕೇಳುತ್ತೇನೆ. ಒಬ್ಬ ಅಂದ, "ನನ್ ಭಾವನ್ನ ಕರ್ಕೊಂಡು ನೋಡೋಕ್ ಹೋದೆ ಕಣ್ರೀ, ಅಂಗಳ ಬೋಳು! ಕಿತ್ತು ಬಿಸಾಕಿದಾನೆ. ಹಿಂದಿನ ಕೋಚು ಪೈಜಾಮದಲ್ಲೇ ಹೊರಗ್ ಬಂದು, 'ನಾಯಿನೂ ಮಾರಾಟಕ್ಕಿದೆ' ಅಂತ ತಾನೇ ಒಂದು ಬೋರ್ಡು ಸೇರಿಸಿದ್ದ. ಅದು ಗಂಡಸುತನ. ಇವನಿಗೆ ತಮಾಷೆ ಅನ್ನೋದೇ ಗೊತ್ತಿಲ್ಲ." ಅವನು ಫೋನ್ ಇಡುವುದೇ ತಡ, ಒಬ್ಬ ಹೆಂಗಸು ಬಂದಳು, "ರಾತ್ರಿ ಕಳ್ಳರ ಥರ ಕಪ್ಪು ಜನರ ಅಂಗಳಕ್ಕೆ ಹೋಗಿ ಬೋರ್ಡು ನೆಟ್ಟು, ಬೆಳಗ್ಗೆ ಅವ್ರು ನಗಬೇಕಿತ್ತು ಅಂತೀರಾ? ನಿಮ್ ತಲೇಲಿ ಏನಿದೆ?" ಆಮೇಲೆ ಒಬ್ಬರ ಮೇಲೊಬ್ಬರು. ಸಂಜೆ ಹೊತ್ತಿಗೆ ಮಾತು ಎಲ್ಲೆಲ್ಲಿಗೋ ಹೋಗಿತ್ತು. ಕೋಚು ಪೊಲೀಸರಿಗೆ ದೂರು ಕೊಟ್ಟಿದ್ದಾನಂತೆ, ಕಾಲೇಜಿನ ಅಧ್ಯಕ್ಷರ ಮನೆಗೆ ಹೋಗಿ ಕೂಗಾಡಿದನಂತೆ. ಕಾಲೇಜಿಗೆ ಜಿಮ್ ಕಟ್ಟಿಸಿಕೊಟ್ಟ ಆ ದೊಡ್ಡ ದಾನಿ ಕೂಡ ಫೋನ್ ಮಾಡಿ, ನಗಲಾರದವನು ತಂಡ ನಡೆಸಲಾರ ಎಂದ. ನಿನಗೆ ಇದ್ಯಾವುದೂ ಗೊತ್ತೇ ಇಲ್ಲ, ನೀನು ಅಲ್ಲಿ ಪರದೆಯ ಮುಂದೆ ಕೂತು ಮುಂದಿನ ಎದುರಾಳಿಗಳ ಹಳೆಯ ಆಟ ನೋಡುತ್ತಿದ್ದೆ.

ಇನ್ನೂ ಇದೆ. ಇವತ್ತು ಬೆಳಗ್ಗೆ ಪತ್ರಿಕೆಯ ಹುಡುಗಿ ಮನೆಗೆ ಫೋನ್ ಮಾಡಿದಳು. ಆ ಹೊಸ ನಂಬರು ಕಾಲೇಜಿನವರೇ ಕೊಟ್ಟರಂತೆ, ಅದನ್ನು ಆಮೇಲೆ ವಿಚಾರಿಸೋಣ. ರೆನೀಟಾ ಎತ್ತಿಕೊಂಡಳು. "ಸುಳ್ಳು! ಯಾರೂ ಏನೂ ನೆಟ್ಟಿಲ್ಲ. ನಾನೇ ಕಣ್ಣಾರೆ ನೋಡಿದೀನಿ, ಅಂಗಳ ಖಾಲಿ ಇತ್ತು. ನಿಮ್ಮ ಅಭಿಮಾನಿಗಳು ಬಾಯಿಗೆ ಬಂದದ್ದು ಹೇಳ್ತಾರೆ, ಬರ್ಕೊಳ್ಳಿ" ಅಂದುಬಿಟ್ಟಳು. ನಾನು ಪಕ್ಕದಲ್ಲೇ ಆಲೂಗೆಡ್ಡೆ ಹೆಚ್ಚುತ್ತಿದ್ದೆ. ನನ್ನ ಕಡೆ ತಿರುಗಿ, "ಅಲ್ವಾ ಅತ್ತೆ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ದೇವರು ನೋಡುತ್ತಿದ್ದಾನೆ, ಲೂಶಸ್, ನಾನು ತಲೆಯಾಡಿಸಿದೆ. ಅದು ನಾಳೆ ಪೇಪರಿನಲ್ಲಿ ಬರುತ್ತದೆ. ನೆಟ್ಟವರು ತಾವು ನೆಟ್ಟಿದ್ದೇವೆ ಎನ್ನುತ್ತಾರೆ, ಫೋಟೋ ಕೂಡ ಇರಬಹುದು. ನೀನೂ ಹೋಗಿ 'ಯಾವ ಬೋರ್ಡು? ನನಗೆ ಗೊತ್ತಿಲ್ಲ' ಎಂದರೆ ಗಂಡ ಹೆಂಡತಿ ಇಬ್ಬರೂ ಸುಳ್ಳುಗಾರರಾಗುತ್ತೀರಿ. ಮೂರು ಆಟ ಸೋತಿದ್ದಕ್ಕೆ ತೆಗೆದರು ಎನ್ನಿಸಿಕೊಳ್ಳುವುದಕ್ಕಿಂತ, ಸುಳ್ಳು ಹೇಳಿದ್ದಕ್ಕೆ ತೆಗೆದೆವು ಎನ್ನುವುದು ಅವರಿಗೆ ಎಷ್ಟು ಸುಲಭ ಯೋಚನೆ ಮಾಡು.

ತಡೆಯಲಾರದೆ ನಾನು ಚೌಕದ ತಿಂಡಿ ಅಂಗಡಿಗೆ ಹೋದೆ. ಸೋಮವಾರ ಅಲ್ಲಿ ಇಡೀ ಊರೇ ಕೋಚ್ ಆಗಿರುತ್ತದೆ. ನಮ್ಮ ಬೇಲಿಯಾಚೆಯ ಪ್ರೂಯಿಟ್, ಟಪಾಲು ಹಂಚಿ ನಿವೃತ್ತನಾದ ಆ ಬಿಳಿಯ ಮುದುಕ, ಕಾಲೇಜಿನ ಟೋಪಿ ಹಾಕಿಕೊಂಡು ತನ್ನ ಗುಂಪಿನ ಜೊತೆ ಕೂತಿದ್ದ. ಈಚೆಯ ಮೇಜಿನಲ್ಲಿ ನಮ್ಮ ಚರ್ಚಿನ ಹಿರಿಯ ಹೊಸಿಯಾ. ನಾನು ಮೂಲೆಯಲ್ಲಿ ಕೂತೆ, ಯಾರೂ ನೋಡಲಿಲ್ಲ.

"ನಮ್ಮಪ್ಪನ ಕಾಲದಿಂದ ಸೋತವನ ಅಂಗಳದಲ್ಲಿ ನೆಡ್ತಾ ಬಂದಿದೀವಿ" ಎಂದ ಪ್ರೂಯಿಟ್. "ಇವನೊಬ್ಬನಿಗೆ ನೆಡದೆ ಬಿಟ್ಟಿದ್ರೆ ನೀನೇ ಬಂದು ಕೇಳ್ತಿದ್ದೆ ಹೊಸಿಯಾ, ಯಾಕೆ, ಅವನು ನಿಮ್ಮ ಕೋಚ್ ಅಲ್ವಾ ಅಂತ."

"ನೆಡೋದಿದ್ರೆ ಹಗಲು ಹೊತ್ತು ನೆಡಪ್ಪ. ಕತ್ತಲಲ್ಲಿ ನಮ್ಮ ಅಂಗಳಕ್ಕೆ ಬಂದೋರಿಗೆ ನಾವು ಯಾವತ್ತಾದ್ರೂ ಕಾಫಿ ಕೊಟ್ಟಿದೀವಾ?"

ಪ್ರೂಯಿಟ್ ಪಕ್ಕದಲ್ಲಿದ್ದ ದಪ್ಪ ಮೀಸೆಯವನು, "ಏನೇ ಹೇಳಿ, ಬಣ್ಣ ನೋಡಿ ಕೋಚ್ ಮಾಡಿದ್ರೆ ಹಿಂಗೇ ಆಗೋದು" ಎಂದ.

ಹೊಸಿಯಾ ಚಮಚ ಕೆಳಗಿಟ್ಟ. "ಹೌದಪ್ಪ. ಹಿಂದಿನ ಅಷ್ಟೂ ಜನರನ್ನ ಬಣ್ಣ ನೋಡೇ ಮಾಡಿದ್ರು. ನಿಂಗೆ ಆಗ ಆ ಬಣ್ಣ ಕಾಣ್ಲಿಲ್ಲ, ಅಷ್ಟೇ. ಒಬ್ಬನಂತೂ ಐದು ವರ್ಷ ಸೋತ, ಹೋಗುವಾಗ ನೀವೇ ಮೀನು ಹಿಡಿಯೋ ದೋಣಿ ಕೊಟ್ರಿ. ಈ ಹುಡುಗನಿಗೆ ಆರು ಶನಿವಾರನೂ ತುಂಬ್ಲಿಲ್ಲ."

ಅಂಗಡಿಯಲ್ಲಿ ಒಬ್ಬಿಬ್ಬರು ನಕ್ಕರು. ಪ್ರೂಯಿಟ್ ಕೂಡ ನಕ್ಕ. "ಆ ದೋಣಿ ಸೋರ್ತಿತ್ತು ಕಣಯ್ಯ" ಎಂದ. ಮತ್ತೆ ಗಂಭೀರನಾಗಿ, "ಅವನು ಸೋತ ಅಂತ ನಂಗೆ ಸಿಟ್ಟಿಲ್ಲ. ನಾವು ಕಿಚಾಯಿಸಿದ್ವಿ, ಅವನು ವಾಪಸ್ಸು ಕಿಚಾಯಿಸಬೇಕಿತ್ತು. ಕಿತ್ತುಹಾಕಿ ಮುಖ ತಿರುಗಿಸ್ಕೊಂಡ್ನಲ್ಲ, ಅದು ನಂಗೆ ಬೇಜಾರು" ಎಂದ.

ನಾನು ಎದ್ದು ನಿಂತೆ. "ಅವನಲ್ಲ. ನಾನು ಅವನ ತಾಯಿ. ನಾನು ಕಿತ್ತೆ. ಅವನಿಗೆ ಇನ್ನೂ ಗೊತ್ತಿಲ್ಲ. ನನಗೆ ಭಯ ಆಯ್ತು" ಎಂದೆ. ಅಷ್ಟೇ ಹೇಳಿದ್ದು. ಯಾವ ಭಯ ಎಂದು ಯಾರೂ ಕೇಳಲಿಲ್ಲ. ಆ ಅಂಗಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಅದೇ ನನಗೆ ಹೆಚ್ಚು ಕಷ್ಟವಾಯಿತು. ಪ್ರೂಯಿಟ್ ಟೋಪಿ ತೆಗೆದ. "ಅಮ್ಮಾವ್ರೇ, ಮನೇಲಿ ಒಬ್ರು ಹಿರಿಯರು ಬೆಳಗ್ಗೆ ಬಾಗಿಲು ತೆಗೀತಾರೆ ಅಂತ ನಾನು ಯೋಚ್ನೆನೇ ಮಾಡ್ಲಿಲ್ಲ. ಟಪಾಲು ಹಂಚಿದವನು, ಯಾವ ಮನೇಲಿ ಯಾರಿದಾರೆ ಅಂತ ನಂಗೆ ಗೊತ್ತಿರಬೇಕಿತ್ತು" ಎಂದ.

ಬಂದು ಬೋರ್ಡುಗಳನ್ನು ಹಗಲಲ್ಲಿ ತಾನೇ ಮತ್ತೆ ನೆಡುತ್ತೇನೆ, ನೀವು ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂದು ಅವನು ಹೇಳಿದ. ನೆಡಬೇಡಿ, ಒಪ್ಪಿದ ಹಾಗಾಗುತ್ತದೆ ಎಂದು ಹೊಸಿಯಾ ಹೇಳಿದ. ಇಬ್ಬರೂ ನನ್ನ ಮುಖ ನೋಡಿದರು. ನನ್ನ ಮಗನನ್ನು ಕೇಳದೆ ಒಂದು ಸಲ ಕೈ ಹಾಕಿದ್ದೇ ಸಾಕು, ಇನ್ನು ಅವನು ಹೇಳಿದ ಹಾಗೆ ಎಂದೆ. ಮಧ್ಯಾಹ್ನ ಪ್ರೂಯಿಟ್ ತನ್ನ ಬೋರ್ಡುಗಳನ್ನು ನೋಡಲು ಗ್ಯಾರೇಜಿಗೆ ಬಂದ. ಸ್ವಲ್ಪ ಹೊತ್ತು ಇದ್ದು, ಒಂದನ್ನೂ ತೆಗೆದುಕೊಳ್ಳದೆ ಹೋದ. ಅವನಿಗೂ ವಯಸ್ಸಾಗಿದೆ.

ರೆನೀಟಾಗೆ ಈಗ ತಾನೇ ಹೇಳಿದೆ. ಅತ್ತಳು, ಬೈದಳು, ಆಮೇಲೆ ನನ್ನ ಶೂಗೆ ಅಂಟಿದ ಮಣ್ಣು ತೊಳೆದುಕೊಟ್ಟಳು. ಆ ಪತ್ರಿಕೆಯ ಹುಡುಗಿಗೆ ತಾನೇ ಫೋನ್ ಮಾಡಿ, ತನಗೆ ಗೊತ್ತಿರಲಿಲ್ಲ ಎನ್ನುತ್ತಾಳಂತೆ. ಅದು ಅಚ್ಚಾಗುವುದಕ್ಕೆ ಮೊದಲು ತಲುಪಿದರೆ ಪುಣ್ಯ.

ನಾಳೆ ಕೇಳಿಯೇ ಕೇಳುತ್ತಾರೆ, ಮಗನೇ. ಗೊತ್ತಿಲ್ಲ ಎನ್ನಬೇಡ. ನನ್ನನ್ನು ಉಳಿಸಲೆಂದು 'ನಾನೇ ಕಿತ್ತೆ' ಎಂದೂ ಹೇಳಬೇಡ, ನೀನು ಹಾಗೆ ಹೇಳುವವನೇ. ನಮ್ಮ ಅಮ್ಮ ಕಿತ್ತಳು ಎನ್ನು. ಯಾಕೆ ಎಂದರೆ ಅವಳನ್ನೇ ಕೇಳಿ ಎನ್ನು, ನಾನು ಹಿಂದಿನ ಬೆಂಚಿನಲ್ಲಿ ಬಂದು ಕೂತಿರುತ್ತೇನೆ. ನಾನು ಹೆಚ್ಚು ಓದಿದವಳಲ್ಲ, ಆದರೆ ಯಾಕೆ ಎನ್ನುವುದನ್ನು ಹೇಳಲು ನನಗೆ ಬರುತ್ತದೆ.

ಡಬ್ಬಿಯ ಕೆಳಗಿನ ಅರೆಯಲ್ಲಿ ಪೀಚ್ ಹಣ್ಣಿನ ಕಡುಬು ಇದೆ. ನಿದ್ದೆ ಮಾಡು.

ನಿನ್ನನ್ನು ಹೆತ್ತವಳು, ಹಗಲೂ ರಾತ್ರಿ ನಿನ್ನದೇ ಚಿಂತೆಯವಳು,
ಅರ್ನೆಸ್ಟೀನ್ ಗ್ಯಾಸ್ಕಿನ್

ತಾ.ಕ.: ಬರೆಯಬಾರದು ಎಂದುಕೊಂಡು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಪ್ರೂಯಿಟ್ ಸುಮ್ಮನೆ ಹೋಗಲಿಲ್ಲ. ಅವನ ಗುಂಪಿನವರು ತಂದದ್ದೆಲ್ಲ ಮನೆ ದಲ್ಲಾಳಿಯ ತಗಡಿನ ಬೋರ್ಡು, ಅದರ ಮೇಲೆ ದಲ್ಲಾಳಿಯ ಫೋನ್ ನಂಬರು ಅಚ್ಚಾಗಿದೆ. ರಾಶಿಯ ಅಡಿಯಲ್ಲಿ ಒಂದು ಮಾತ್ರ ಮರದ ಹಲಗೆ. ಅದರ ಮೇಲೆ ಕಪ್ಪು ಬಣ್ಣದಲ್ಲಿ ಕೈಯಿಂದ ಬರೆದ ನಂಬರು. "ಇದು ನಮ್ಮದಲ್ಲ ಅಮ್ಮಾವ್ರೇ. ನಾವು ಹಲಗೆ ತಂದೇ ಇಲ್ಲ" ಎಂದ, ಅವನ ಮುಖ ಬಿಳಿಚಿತ್ತು. ಆ ನಂಬರು ನಮ್ಮ ಮನೆಯದು ಎಂದು ನನಗೆ ಕಾಣುತ್ತದೆ. ಕಳೆದ ತಿಂಗಳಷ್ಟೇ ಬದಲಾಯಿಸಿದ ನಂಬರು, ನೀನು ಕೊಟ್ಟದ್ದು ಕಾಲೇಜಿನ ಆಫೀಸಿಗೆ ಮತ್ತು ನಿನ್ನ ಕೈಕೆಳಗಿನ ಕೋಚ್‌ಗಳಿಗೆ ಮಾತ್ರ. ನಾಳೆ ಅವರೆಲ್ಲ ನಿನ್ನ ಬೆನ್ನ ಹಿಂದೆ ಸಾಲಾಗಿ ನಿಂತಿರುತ್ತಾರೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಬಣ್ಣ ಸೋರಿ ಕೊನೆಯ ಅಂಕಿ ಕದಡಿದೆ, ನನಗೆ ನಮ್ಮ ನಂಬರಿನಲ್ಲಿರುವ ಹಾಗೆ ಏಳು ಎನಿಸುತ್ತದೆ, ಪ್ರೂಯಿಟ್‌ಗೆ ಒಂದು ಎನಿಸಿತು. ಒಂದಾದರೆ ಯಾರದೋ ಮನೆಯದು, ನನ್ನದು ಬರೀ ಮುದುಕಿಯ ಭಯ. ನನ್ನ ಕಣ್ಣನ್ನು ನಂಬಬೇಡ. ಅವರ ಮುಂದೆ ಕೂರುವ ಮೊದಲು ಒಂದು ಸಲ ಮನೆಗೆ ಬಾ, ಆ ಕೊನೆಯ ಅಂಕಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡು.